ಮನೆ ಮುಂದಿನ ಮರವನ್ನು ಗುಡ್ಡ ನೋಡಿ ಆರಿಸಿ

ಹೊಸ ಮನೆ ಕಟ್ಟಿದವರು ಗೃಹಪ್ರವೇಶ ಮುಗಿಸಿ ಉಸಿರು ಬಿಟ್ಟ ಮೇಲೆ ನನ್ನನ್ನು ಕೇಳುವ ಪ್ರಶ್ನೆ ಒಂದೇ: "ಅಕ್ಕಾ, ಮನೆ ಮುಂದೆ ಚೆಂದದ ಹೂವಿನ ಮರ ಹಾಕಬೇಕು, ಯಾವುದು ಹಾಕಲಿ?" ಕೇಳುತ್ತಲೇ ಮೊಬೈಲ್ ತೆಗೆದು ಬೆಂಗಳೂರಿನ ಗುಲಾಬಿ ಬಣ್ಣದ ತಬೂಬಿಯಾ ಚಿತ್ರ ತೋರಿಸುತ್ತಾರೆ. ನನ್ನ ಉತ್ತರವೂ ಒಂದೇ. ಫಾಲ್ಗುಣದ ಬಿಸಿಲಿನಲ್ಲಿ ಒಮ್ಮೆ ನಮ್ಮ ಚಿತ್ರದುರ್ಗದ ಪಕ್ಕದ ಜೋಗಿಮಟ್ಟಿ ಗುಡ್ಡದ ಕಡೆಗೆ ಹೋಗಿ ಬನ್ನಿ. ಯಾರೂ ನೀರು ಹಾಯಿಸದ, ಯಾರೂ ಗೊಬ್ಬರ ಹಾಕದ ಕಲ್ಲು ನೆಲದಲ್ಲಿ ಯಾವ ಮರ ಹೂ ಬಿಟ್ಟು ನಿಂತಿದೆ ಎಂದು ಕಣ್ಣಾರೆ ನೋಡಿ. ಅಂಥದ್ದನ್ನೇ ತಂದು ನೆಡಿ.

ತಬೂಬಿಯಾ ಕೆಟ್ಟ ಮರವೆಂದು ನಾನು ಹೇಳುವುದಿಲ್ಲ. ಅದು ಅಮೆರಿಕ ಖಂಡದ ಉಷ್ಣ ನಾಡುಗಳಿಂದ ಬಂದ ಮರ, ಬೆಂಗಳೂರಿಗೆ ಒಗ್ಗಿಕೊಂಡಿದೆ. ಒಂದು ಮರದ ಹೂ ಮುಗಿಯುವ ಹೊತ್ತಿಗೆ ಇನ್ನೊಂದು ಅರಳಬೇಕು, ವರ್ಷವಿಡೀ ರಸ್ತೆಯಲ್ಲಿ ಬಣ್ಣವಿರಬೇಕು ಎಂಬ ಯೋಜನೆಯನ್ನು ಆ ಊರಿಗೆ ಕೊಟ್ಟವರು ಜರ್ಮನಿಯ ತೋಟಗಾರಿಕಾ ತಜ್ಞ ಕ್ರುಂಬಿಗಲ್. ಅವರು 1908ರಲ್ಲಿ ಲಾಲ್‌ಬಾಗ್‌ಗೆ ಬಂದವರು. ಬಹಳ ಒಳ್ಳೆಯ ಉಪಾಯ ಅದು, ನಾವೂ ಎರವಲು ಪಡೆಯೋಣ. ಆದರೆ ಮರಗಳನ್ನೂ ಅಲ್ಲಿಂದಲೇ ಯಾಕೆ ತರಬೇಕು? ಮುತ್ತುಗ ಮುಗಿಯುವಾಗ ಹೊಂಗೆ, ಹೊಂಗೆಯ ಜೊತೆಗೇ ಬೇವು, ಬೇವಿನ ಹಿಂದೆ ಕಕ್ಕೆ. ಶಿವರಾತ್ರಿಯಿಂದ ಮುಂಗಾರಿನ ತನಕ ನಮ್ಮ ಸೀಮೆಯ ಮರಗಳೇ ಸರತಿಯಲ್ಲಿ ಅರಳುತ್ತವೆ.

ಚಿತ್ರದುರ್ಗದಲ್ಲಿ ಮರ ನೆಡುವವರು ಎರಡು ಸಂಗತಿಗಳನ್ನು ಮರೆಯುವಂತಿಲ್ಲ. ಒಂದು ನೀರು. ನಮ್ಮ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಡುವಿನ ಎರಡು ಮೂರು ತಲೆಮಾರು ಆ ದೃಶ್ಯವನ್ನೇ ಕಂಡಿರಲಿಲ್ಲ. ಇಂಥ ನಾಡಿನಲ್ಲಿ ಹೂವಿಗಾಗಿ ದಿನವೂ ಕೊಡಪಾನ ಹಿಡಿದು ನಿಲ್ಲಬೇಕಾದ ಮರವನ್ನು ಮನೆಗೆ ತರುವುದು ತಪ್ಪು. ಇನ್ನೊಂದು ಗಾಳಿ. ಸುತ್ತಲಿನ ಗುಡ್ಡಗಳ ನೆತ್ತಿಯಲ್ಲಿ ಸಾಲುಸಾಲಾಗಿ ಗಾಳಿಯಂತ್ರಗಳು ಸುಮ್ಮನೆ ಬಂದು ನಿಂತಿಲ್ಲ. ಆಷಾಢದ ಗಾಳಿ ಬೀಸಿತೆಂದರೆ ಪೆಳಸು ಮರಗಳ ಕೊಂಬೆಗಳು ಲಟಲಟನೆ ಮುರಿಯುತ್ತವೆ. ಗುಲ್‌ಮೊಹರನ್ನು ನಾನು ಮನೆಯಂಗಳಕ್ಕೆ ಬೇಡ ಎನ್ನುವುದು ಇದಕ್ಕೇ. ಮಡಗಾಸ್ಕರ್‌ನಿಂದ ಬಂದ ಆ ಮರ ಮೇ ತಿಂಗಳಲ್ಲಿ ಹೊತ್ತಿ ಉರಿಯುವ ಹಾಗೆ ಹೂ ಬಿಡುತ್ತದೆ, ನಿಜ. ಆದರೆ ಬೇರು ಮೇಲುಮೇಲೆ ಹರಡುತ್ತದೆ, ಕೊಂಬೆಗೆ ಗಟ್ಟಿಯಿಲ್ಲ. ಹೊಲದ ಮೂಲೆಯಲ್ಲಿ, ಅಗಲವಾದ ಮೈದಾನದ ಅಂಚಿನಲ್ಲಿ ಇರಲಿ. ಆಕಾಶ ಮಲ್ಲಿಗೆಯ ಮಾತೂ ಅಷ್ಟೇ.

ಹಾಗಾದರೆ 30×40 ಅಡಿಯ ಸೈಟಿಗೆ ಯಾವುದು? ಒಂದೇ ಮರಕ್ಕೆ ಜಾಗವಿದ್ದರೆ ನಾನು ಕಣ್ಣು ಮುಚ್ಚಿ ಕಕ್ಕೆ ಎನ್ನುತ್ತೇನೆ.

ಕಕ್ಕೆ ಹದವಾದ ಎತ್ತರಕ್ಕೆ ಬೆಳೆಯುವ ಮರ, ಮನೆಯನ್ನು ನುಂಗುವುದಿಲ್ಲ. ಬೇಸಿಗೆ ಏರುತ್ತಿದ್ದಂತೆ ಎಲೆಗಳೆಲ್ಲ ಉದುರಿ, ಮರ ಒಣಗಿಯೇ ಹೋಯಿತೇನೋ ಅನ್ನಿಸುವಾಗ ಮೊಣಕೈಯುದ್ದದ ಹಳದಿ ಗೊಂಚಲುಗಳು ಇಳಿಬೀಳುತ್ತವೆ. ಒಂದು ಹೂವನ್ನು ಕೈಯಲ್ಲಿ ಹಿಡಿದು ನೋಡಿ. ಐದು ದಳ, ಹತ್ತು ಕೇಸರ. ಆ ಹತ್ತರಲ್ಲಿ ಮೂರು ಮಾತ್ರ ಉದ್ದವಾಗಿ ಬೆಳೆದು ಮೇಲಕ್ಕೆ ಬಾಗಿರುತ್ತವೆ. ದೊಡ್ಡ ಕರಿದುಂಬಿ ಬಂದು ಕೂತಾಗ ಗೊಂಚಲಿಗೆ ಗೊಂಚಲೇ ತೂಗುತ್ತದೆ. ಹೂ ಮುಗಿದ ಮೇಲೆ ಕಾಯಿ. ಒಂದೂವರೆ ಎರಡು ಅಡಿ ಉದ್ದ, ಬಲಿತಾಗ ಕಪ್ಪು. ಒಡೆದರೆ ಒಳಗೆ ಬಿಲ್ಲೆಬಿಲ್ಲೆಯಾದ ಗೂಡುಗಳು, ಒಂದೊಂದರಲ್ಲಿ ಒಂದೊಂದು ಬೀಜ, ಸುತ್ತ ಅಂಟು ತಿರುಳು. ಹೊಟ್ಟೆ ಕಟ್ಟಿದವರಿಗೆ ಭೇದಿಯಾಗಲೆಂದು ಆಯುರ್ವೇದದವರು ಕೊಡುವುದು ಆ ತಿರುಳನ್ನೇ. ಬೀಜದ ಸಿಪ್ಪೆ ಬಹಳ ಗಟ್ಟಿ. ಹಾಗೆಯೇ ಬಿತ್ತಿ ತಿಂಗಳುಗಟ್ಟಲೆ ಕಾಯುವುದಕ್ಕಿಂತ ಒಂದು ಬದಿಯನ್ನು ಒರಟು ಕಲ್ಲಿಗೆ ಉಜ್ಜಿ, ರಾತ್ರಿಯಿಡೀ ನೀರಿನಲ್ಲಿ ನೆನೆಸಿ ಬಿತ್ತಿದರೆ ಬೇಗ ಮೊಳೆಯುತ್ತದೆ. ಮಳೆಗಾಲದಲ್ಲಿ ಹಸಿರು ಹುಳುಗಳು ಬಂದು ಎಲೆ ಮೇಯುವುದುಂಟು. ದಯವಿಟ್ಟು ಔಷಧಿ ಹೊಡೆಯಬೇಡಿ. ಅವು ತಿಳಿಹಳದಿ ಚಿಟ್ಟೆಗಳ ಮರಿಗಳು. ಮರ ಮತ್ತೆ ಚಿಗುರುತ್ತದೆ, ಅಂಗಳದ ತುಂಬ ಚಿಟ್ಟೆಗಳೂ ಹಾರಾಡುತ್ತವೆ.

ಇನ್ನೂ ಚಿಕ್ಕದು ಬೇಕೆಂದರೆ ಮಂದಾರ. ಇಲ್ಲೊಂದು ಎಚ್ಚರಿಕೆ. ಬಸವನಪಾದ ಎಂದು ಕೆಲವರು ಕರೆಯುವ ಈ ಗುಂಪಿನಲ್ಲಿ ನೋಡುವುದಕ್ಕೆ ಹತ್ತಿರ ಹತ್ತಿರ ಇರುವ ಎರಡು ಜಾತಿಗಳಿವೆ. ಒಂದು ಮಳೆಗಾಲ ಮುಗಿಯುತ್ತಿದ್ದಂತೆ, ಮೈತುಂಬ ಎಲೆಯಿರುವಾಗಲೇ ಹೂ ಬಿಡುತ್ತದೆ. ಇನ್ನೊಂದು ಫೆಬ್ರವರಿ, ಮಾರ್ಚ್‌ನಲ್ಲಿ ಎಲೆ ಉದುರಿಸಿಕೊಂಡು ಅರಳುತ್ತದೆ. ವಸಂತದ ಹೂವು ಬೇಕಾದವರು ಎರಡನೆಯದನ್ನು ಕೇಳಿ ತರಬೇಕು. ತಾಯಿಮರದ ಹೂ ಸಿಕ್ಕರೆ ಒಳಗಿನ ಪುಡಿ ತುಂಬಿದ ಕೇಸರಗಳನ್ನು ಎಣಿಸಿ. ಮೂರಿದ್ದರೆ ಮೊದಲಿನದು, ಐದಿದ್ದರೆ ನಿಮಗೆ ಬೇಕಾದದ್ದು. ಅದರ ದಳಗಳೂ ಅಗಲ, ಒಂದರ ಮೇಲೊಂದು ಕೂತಿರುತ್ತವೆ.

ಸ್ವಲ್ಪ ಜಾಗ, ಹೆಚ್ಚು ತಾಳ್ಮೆ ಎರಡೂ ಇರುವವರಿಗೆ ಮುತ್ತುಗ. ನಿಧಾನವಾಗಿ ಬೆಳೆಯುತ್ತದೆ, ಕಾಂಡ ಸೊಟ್ಟಸೊಟ್ಟ, ನೆಟ್ಟವರು ಬೇಗ ಫಲ ಕೇಳುವ ಹಾಗಿಲ್ಲ. ಆದರೆ ಆ ಕಂದುಗಪ್ಪು ಮೊಗ್ಗುಗಳೊಳಗಿಂದ ಗಿಳಿಯ ಕೊಕ್ಕಿನ ಹಾಗೆ ಬಾಗಿದ ಕೆಂಗಿತ್ತಳೆ ದಳ ಹೊರಬರುವುದನ್ನು ಒಮ್ಮೆ ಹತ್ತಿರದಿಂದ ಕಂಡವರಿಗೆ ಬೇರೆ ಹೂವು ರುಚಿಸುವುದಿಲ್ಲ. ಬೆಳಗ್ಗೆ ಬೆಳಗ್ಗೆ ಗೊರವಂಕ, ಸೂರಕ್ಕಿಗಳ ಗಲಾಟೆ. ಹಿಂದೆ ಹೋಳಿಯ ಓಕುಳಿಗೆ ಈ ಹೂವನ್ನೇ ನೀರಿನಲ್ಲಿ ಕುದಿಸಿ ಬಣ್ಣ ತೆಗೆಯುತ್ತಿದ್ದರು. ದಾವಣಗೆರೆಯಲ್ಲಿ ಇಷ್ಟು ಸಡಗರದಿಂದ ಹೋಳಿ ಆಡುತ್ತೇವೆ, ಮೈಗೆ ಹಚ್ಚುವುದು ಮಾತ್ರ ಅಂಗಡಿಯ ಪುಡಿ. ಊರಿನಲ್ಲಿ ಹತ್ತಾರು ಮುತ್ತುಗದ ಮರಗಳಿದ್ದರೆ ಮಕ್ಕಳ ಚರ್ಮವಾದರೂ ಉಳಿಯುತ್ತಿತ್ತು.

ಹೊಂಗೆಯ ವಿಷಯಕ್ಕೆ ಬಂದರೆ ನನಗೆ ಸಿಟ್ಟು ಬರುತ್ತದೆ. ನಮ್ಮ ಬೀದಿಯಲ್ಲೊಬ್ಬರು ಬೆಳೆದುನಿಂತ ಹೊಂಗೆಯನ್ನು ಯುಗಾದಿಯ ಮುಂಚೆ ಕಡಿಸಿದರು. ಕೇಳಿದರೆ, "ದಿನಾ ಎಲೆ ಗುಡಿಸಿ ಗುಡಿಸಿ ಸೊಂಟ ಬಿದ್ದುಹೋಯಿತು ಅಕ್ಕಾ" ಎಂದರು. ಹೊಂಗೆ ಎಲೆ ಉದುರಿಸುವುದು ವರ್ಷದಲ್ಲಿ ಕೆಲವೇ ವಾರ. ಉದುರಿ ಮುಗಿಯುವಷ್ಟರಲ್ಲಿ ಮಿರಿಮಿರಿ ಮಿಂಚುವ ಹೊಸ ಎಲೆ ಬಂದಿರುತ್ತದೆ. ಸುತ್ತಲೆಲ್ಲ ಬೋಳಾಗಿರುವ ಕಡುಬೇಸಿಗೆಯಲ್ಲಿ ದಟ್ಟ ನೆರಳು ಕೊಡುವ ಮರ ಅದು. ಬಿಳಿ ಗುಲಾಬಿ ಛಾಯೆಯ ಸಣ್ಣ ಹೂವುಗಳಿಗೆ ಜೇನುನೊಣ ಮುತ್ತುತ್ತವೆ. ಉದುರಿದ ಎಲೆ, ಹೂವು ಎರಡೂ ಒಳ್ಳೆಯ ಗೊಬ್ಬರ. ಅದನ್ನು ಕಡಿಸಿ ಅಂಗಳಕ್ಕೆಲ್ಲ ಟೈಲ್ಸ್ ಹಾಕಿಸಿ, ಆಮೇಲೆ ಸೆಖೆ ತಡೆಯಲಾರದೆ ಏಸಿ ಕೊಂಡರು. ಒಂದು ಮರವನ್ನು ಕಸದ ಲೆಕ್ಕದಲ್ಲಿ ಅಳೆಯುವುದನ್ನು ನಾವು ಯಾವಾಗ ಕಲಿತೆವು?

ಬೇವಿಗೆ ಯಾರ ಶಿಫಾರಸೂ ಬೇಕಿಲ್ಲ. ಬೇವು ಬೆಲ್ಲಕ್ಕೆ ಹೂವು ಮನೆಯ ಮರದ್ದೇ ಆದರೆ ಆ ಹಬ್ಬದ ಗತ್ತೇ ಬೇರೆ. ಆದರೆ ದೊಡ್ಡ ಮರ. ಗೋಡೆಯಿಂದ ದೂರವಿರಲಿ.

ದಾವಣಗೆರೆಯ ಭದ್ರಾ ನಾಲೆಯ ಕಡೆಯವರ ಲೆಕ್ಕ ಸ್ವಲ್ಪ ಬೇರೆ. ನೀರಿರುವಲ್ಲಿ ಹೊಳೆ ದಾಸವಾಳ, ಸಂಪಿಗೆ ಚೆನ್ನಾಗಿ ಬರುತ್ತವೆ. ಜಗಳೂರಿನವರು ಮಾತ್ರ ನಮ್ಮ ದಾರಿಯನ್ನೇ ಹಿಡಿಯುವುದು ಒಳ್ಳೆಯದು. ಎರೆ ಮಣ್ಣಿದ್ದರೆ ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ, ಬುಡಕ್ಕೆ ಒಣ ಎಲೆಯ ಹೊದಿಕೆ ತಪ್ಪಿಸಬೇಡಿ.

ಗುಂಡಿಯನ್ನು ಬೇಸಿಗೆಯಲ್ಲೇ ತೋಡಿಸಿ ಬಿಸಿಲಿಗೆ ಬಿಡಿ. ಗರಸು ನೆಲವಾದರೆ ಎರಡು ಅಡಿ ಸಾಲದು, ಮೂರು ಅಡಿ ಬೇಕು. ಕೆರೆಗೋಡು, ತಿಪ್ಪೆಗೊಬ್ಬರ ಬೆರೆಸಿ ತುಂಬಿ. ಅರಣ್ಯ ಇಲಾಖೆಯ ಸಸ್ಯಕ್ಷೇತ್ರಗಳಲ್ಲಿ ಮುಂಗಾರಿನ ಹೊತ್ತಿಗೆ ಸಸಿಗಳು ಕಡಿಮೆ ಬೆಲೆಗೆ ಸಿಗುತ್ತವೆ. ಎರಡು ಮಳೆ ಬಿದ್ದ ಮೇಲೆ ನೆಟ್ಟು, ಗಾಳಿ ಬರುವ ದಿಕ್ಕಿಗೆ ಗೂಟ ಕೊಟ್ಟು ಸಡಿಲವಾಗಿ ಕಟ್ಟಿ. ಮೊದಲ ಎರಡು ಬೇಸಿಗೆ ನೀರು ಹಾಕಿ ಸಾಕಿದರೆ ಸಾಕು. ಬೇರೂರಿದ ಕಕ್ಕೆ, ಮುತ್ತುಗಗಳಿಗೆ ಮಾಘದ ನಂತರವೂ ನೀರು ಸುರಿಯುತ್ತಿದ್ದರೆ ಎಲೆಯೇ ಹೆಚ್ಚಾಗಿ ಹೂವು ಕಡಿಮೆಯಾಗುತ್ತದೆ, ಅವು ಆಗ ಒಣಗಲೇಬೇಕು. ಇನ್ನು ನಮ್ಮದು ಕುರಿ ಮೇಕೆಗಳ ಸೀಮೆ, ಆಡು ಮುಟ್ಟದ ಸೊಪ್ಪಿಲ್ಲ. ಸಸಿ ಆಳೆತ್ತರ ದಾಟುವ ತನಕ ಸುತ್ತ ಜಾಲಿ ಮುಳ್ಳಿನ ಬೇಲಿ ಇರಲಿ.