ಜೂನ್ 1ರಂದು ಹುಟ್ಟದವನ ಗೋಳು

ಬೆಳಗ್ಗೆ ಮಗಳನ್ನು ಬಿಡಲು ಪುಣೆ ಸ್ಟೇಷನ್ನಿಗೆ ಹೋಗಿದ್ದೆ. ಡೆಕ್ಕನ್ ಕ್ವೀನ್‌ಗೆ ಹೂವಿನ ಹಾರ, ಪ್ಲಾಟ್‌ಫಾರ್ಮ್ ಮೇಲೆ ಕೇಕು! ಈ ರೈಲು ಮೊದಲ ಸಲ ಓಡಿದ್ದು 1930ರ ಜೂನ್ 1ರಂದು, ಏಳೇ ಬೋಗಿ ಕಟ್ಟಿಕೊಂಡು. ರೈಲಿಗೂ ಖರೇ ಹುಟ್ಟುಹಬ್ಬ ಇದೆ. ನನಗಿಲ್ಲ.

ಮನೆಗೆ ಬಂದು ಫೇಸ್‌ಬುಕ್ ತೆರೆದರೆ ನಿಮ್ಮೆಲ್ಲರ ಶುಭಾಶಯ, ಕುಣಿಯುವ ಟೆಡ್ಡಿ. ನನ್ನ ಜೊತೆ ಇನ್ನೂ ಹನ್ನೊಂದು ಗೆಳೆಯರದ್ದು ಇವತ್ತೇ ಅಂತೆ. ಎಲ್ಲರೂ ಹಳ್ಳಿ ಶಾಲೆಯವರು. ನಮ್ಮ ಕಡೆ ಹೆರಿಗೆಗಳೆಲ್ಲ ಅದೊಂದೇ ದಿನ ಆಗುತ್ತಿದ್ದವಾ?

ಗುಟ್ಟು ಗೊತ್ತಲ್ಲ. ಜೂನ್‌ಗೆ ಶಾಲೆ ಶುರು, ಅಷ್ಟರೊಳಗೆ ವಯಸ್ಸು ತುಂಬಿರಬೇಕು. ಮಾಸ್ತರರು ಹುಡುಗನ ಮುಖ ನೋಡಿ ಒಂದು ಇಸವಿ ಅಂದಾಜು ಮಾಡಿ, ಹಿಂದೆ 1-6 ಅಂತ ಗೀಚಿದರೆ ಮುಗಿಯಿತು.

ನಟಿ ನರ್ಗಿಸ್ ಹುಟ್ಟಿದ್ದು 1929ರ ಜೂನ್ 1, ಮಾಧವನ್ 1970ರ ಜೂನ್ 1. ಅವರದ್ದು ಸರಿ. ಮಹಾರಾಷ್ಟ್ರದ ಮೊದಲ ಎಸ್‌ಟಿ (ರಾಜ್ಯ ಸಾರಿಗೆ) ಬಸ್ಸು ಪುಣೆಯಿಂದ ಅಹ್ಮದ್‌ನಗರಕ್ಕೆ ಹೊರಟಿದ್ದೂ 1948ರ ಇದೇ ದಿನ. ಆ ಬಸ್ಸಿಗೂ ಸರಿಯಾದ ತಾರೀಖಿದೆ ನೋಡಿ! ನನಗೆ ಇರುವುದು ಅವ್ವನ ಮಾತು ಮಾತ್ರ: "ಪಂಚಮಿ ಉಂಡಿ ಕಟ್ಟೂ ಮುಂದ ಹುಟ್ಟಿದಿ, ಜೋಕಾಲಿ ಇನ್ನೂ ಬಿಚ್ಚಿದ್ದಿಲ್ಲ."

"ತಾರೀಖಿನಲ್ಲಿ ಏನಿದೆ, ಶಾಲೆಗೆ ಸೇರಿಸಿಕೊಂಡರಲ್ಲ" ಅನ್ನುತ್ತಾನೆ ಪಕ್ಕದ ಬಿಲ್ಡಿಂಗ್‌ನ ಗೆಳೆಯ. ಅವನು ಆಸ್ಪತ್ರೆಯಲ್ಲಿ ಹುಟ್ಟಿದವನು, ಸರ್ಟಿಫಿಕೇಟ್ ಸಮೇತ. ಅವನಿಗೇನು ಗೊತ್ತು? ಸರ್ಕಾರಿ ನೌಕರಿಯಲ್ಲಿ ಒಂದನೇ ತಾರೀಖಿನವರು ಹಿಂದಿನ ತಿಂಗಳ ಕೊನೆಗೇ ನಿವೃತ್ತಿ. ನನ್ನನ್ನು ಮೇ 31ಕ್ಕೇ ಮನೆಗೆ ಕಳಿಸಿದರು. ಆ ವರ್ಷದ ಪಂಚಮಿ ಬಂದಿದ್ದು ಆಗಸ್ಟ್‌ನಲ್ಲಿ. ಮೂರು ತಿಂಗಳ ಸಂಬಳ ಗೋತಾ! ಏನಿದೆ ಅಂತೆ.

ಇಷ್ಟೆಲ್ಲ ಬೈದ ಮೇಲೆ ಒಂದು ಮಾತು ಹೇಳಲೇಬೇಕು. ದಾಖಲಾತಿ ಪುಸ್ತಕದಲ್ಲಿರುವ ಆ ಅಕ್ಷರ ನಮ್ಮಪ್ಪನದ್ದು. ಅವರೇ ಮಾಸ್ತರರು. ಊರ ಮಕ್ಕಳಿಗೆಲ್ಲ ಜೂನ್ 1 ಹಂಚಿದ್ದು ಹೋಗಲಿ, ಸ್ವಂತ ಮಗನಿಗೂ ಅದನ್ನೇ ಹಾಕಿದ್ದಾರೆ. ಕೇಳೋಣ ಅಂದರೆ ಈಗ ಅವರಿಲ್ಲ.

ಶುಭಾಶಯಕ್ಕೆಲ್ಲ ಲೈಕ್ ಒತ್ತಿದ್ದೇನೆ, ಸಿಟ್ಟಾಗಬೇಡಿ. ಆದರೆ ಪಂಚಮಿಗೆ ಫೋನ್ ಮಾಡಿ. ಬರುವವರು ಕೇಕು ತರಬೇಡಿ, ಶೇಂಗಾ ಉಂಡಿ ತನ್ನಿ.