ತಲಪಾಡಿಗೂ ಬೇಕಲಕ್ಕೂ ಮಧ್ಯೆ ಎಂತ ಉಂಟು ಅಂತ ಕೇಳುವವರಿಗೆ

ಇವತ್ತು ಆದಿತ್ಯವಾರ, ಒಬ್ಬನೇ ಬೈಕಲ್ಲಿ ಕರ್ನಾಟಕ-ಕೇರಳ ಗಡಿಯ ತಲಪಾಡಿಯಿಂದ ಕಾಸರಗೋಡು ಜಿಲ್ಲೆಯ ಬೇಕಲ ಕೋಟೆಯವರೆಗೆ ಹೋಗಿ ಬಂದೆ. ಮೈಯೆಲ್ಲ ಉಪ್ಪುಗಾಳಿಯ ಅಂಟು, ಇನ್ನೂ ಸ್ನಾನ ಆಗಿಲ್ಲ, ಆದ್ರೆ ಇದನ್ನು ಬರೆದು ಹಾಕದೆ ನಂಗೆ ನಿದ್ದೆ ಬರ್ಲಿಕ್ಕಿಲ್ಲ. ಕೋಟೆಯ ಹೊರಗೆ ಗಾಡಿ ನಿಲ್ಸಿ ಹೆಲ್ಮೆಟ್ ತೆಗೀತಾ ಇದ್ದೆ. ಪಕ್ಕದಲ್ಲಿ ಒಂದು ಗುಂಪು, ಎಲ್ಲ ಕೆಎ ನಂಬರಿನ ದೊಡ್ಡ ಬೈಕುಗಳು, ರೈಡಿಂಗ್ ಜಾಕೆಟ್, ಹೆಲ್ಮೆಟ್ಟಿಗೆ ಕ್ಯಾಮೆರಾ. ಅದ್ರಲ್ಲಿ ಒಬ್ಬ ಫೋನಲ್ಲಿ ಯಾರಿಗೋ ಜೋರಾಗಿ ಹೇಳ್ತಿದ್ದ, "ಮಂಗ್ಳೂರ್ ಬಿಟ್ರೆ ಡೈರೆಕ್ಟ್ ಬೇಕಲ್ ಮಗಾ, ರೋಡು ಸೂಪರ್, ಮಧ್ಯ ಏನೂ ಇಲ್ಲ, ನಿಲ್ಸೋದೇ ಬೇಡ."

ನನ್ನ ಊರು ಆ ಮಧ್ಯದಲ್ಲೇ ಇರುವುದು ಮಾರಾಯ್ರೆ. ನಾನು ಕಲಿತ ಶಾಲೆ, ಅಮ್ಮನ ತವರುಮನೆ, ರಾತ್ರಿಯಿಡೀ ಯಕ್ಷಗಾನದ ಆಟ ನೋಡ್ಲಿಕ್ಕೆ ಚಾಪೆ ಹಿಡ್ಕೊಂಡು ಹೋಗ್ತಿದ್ದ ಬಾಕಿಮಾರು ಗದ್ದೆ, ಎಲ್ಲ ಅಲ್ಲೇ ಉಂಟು. ಅವನ ಹತ್ರ ನಾನು ಜಗಳಕ್ಕೆ ಹೋಗ್ಲಿಲ್ಲ. ಅವ ಸುಳ್ಳು ಹೇಳಿದ್ದಲ್ಲ, ಅವನಿಗೆ ನಿಜವಾಗಿಯೂ ಏನೂ ಕಂಡಿಲ್ಲ, ನಂಗೆ ಹೊಟ್ಟೆ ಉರಿದದ್ದು ಅದಕ್ಕೇ.

ಹೇಗೆ ಕಾಣ್ಬೇಕು ಹೇಳಿ? ತಲಪಾಡಿಯಿಂದ ಚೆಂಗಳದವರೆಗೆ 39 ಕಿಲೋಮೀಟರ್ ಈಗ ಆರು ಲೇನಿನ ಹೈವೇ. ಮೊದಲು ನಾವು ಎನ್‌ಎಚ್ 17 ಅಂತ ಹೇಳ್ತಿದ್ದ ರಸ್ತೆ, ಈಗ 66. ಹಳೇ ರಸ್ತೆ ಊರುಗಳ ಒಳಗಿಂದಲೇ ಹೋಗ್ತಿತ್ತು, ಹೊಸಂಗಡಿ ಬಂದ್ರೆ ಹೊಸಂಗಡಿ ಪೇಟೆ ನೋಡದೆ ಮುಂದೆ ಹೋಗ್ಲಿಕ್ಕೇ ಆಗ್ತಿರ್ಲಿಲ್ಲ, ಮೀನಿನವನ ಎದುರು ಬ್ರೇಕ್ ಹಾಕ್ಬೇಕಿತ್ತು, ಬಸ್ಸಿಗೆ ಕಾಯುವ ಮಕ್ಕಳ ಮುಖ ಕಾಣ್ತಿತ್ತು. ಈಗ ಎಷ್ಟೋ ಕಡೆ ರಸ್ತೆ ಎತ್ತರಕ್ಕೆ ಹೋಗಿದೆ, ಬದಿಯಲ್ಲಿ ಕಾಂಕ್ರೀಟ್ ಗೋಡೆ, ಊರೆಲ್ಲ ಕೆಳಗೆ ಸರ್ವಿಸ್ ರೋಡಿನಲ್ಲಿ. ಕಾಸರಗೋಡು ಪೇಟೆಯಲ್ಲಂತೂ ಒಂಟಿ ಕಂಬಗಳ ಮೇಲೆ ಒಂದು ಕಿಲೋಮೀಟರಿಗಿಂತ ಉದ್ದದ ಫ್ಲೈಓವರ್, ಹತ್ತಿದ್ರೆ ಪೇಟೆ ದಾಟಿದ ಮೇಲೆಯೇ ಇಳಿಯುವುದು. ಇನ್ನು ಕಡಲು? ಹೈವೇಗೂ ಕಡಲಿಗೂ ಮಧ್ಯೆ ರೈಲ್ವೇ ಹಳಿ ಉಂಟು, 1907ರಲ್ಲಿ ಮಂಗಳೂರಿಗೆ ಮುಟ್ಟಿದ ಲೈನು ಅದು. ಹಾಗಾಗಿ ಅಂಡರ್‌ಪಾಸ್ ಹುಡುಕಿ ಕೆಳಗೆ ಇಳಿದು, ಗೇಟಲ್ಲೋ ಸೇತುವೆ ಅಡಿಯಲ್ಲೋ ಹಳಿ ದಾಟಿ, ಮತ್ತೆ ತೆಂಗಿನ ತೋಟದ ಮಧ್ಯೆ ಹೋದ್ರೆ ಮಾತ್ರ ನಮ್ಮ ಕಡಲು. ಇದ್ಯಾವುದನ್ನೂ ಮಾಡದೆ ಬೇಕಲದಲ್ಲಿ ಒಂದು ಫೋಟೋ ತೆಗ್ದು ಕೋಸ್ಟಲ್ ರೈಡ್ ಅಂತ ಹಾಕಿದ್ರೆ ಅದು ಯಾವ ಕರಾವಳಿಯ ರೈಡು?

ನಾನು ಬೆಳಿಗ್ಗೆ ತಲಪಾಡಿಯಲ್ಲಿ ಕರ್ನಾಟಕದ ಬದಿಯಲ್ಲೇ ಟ್ಯಾಂಕ್ ಫುಲ್ ಮಾಡ್ಸಿದೆ, ಈಚೆ ಕೇರಳದ ಬದಿಗಿಂತ ಪೆಟ್ರೋಲ್ ರೇಟ್ ಕಮ್ಮಿ ಅಂತ ನಮ್ಮೂರಲ್ಲಿ ಎಲ್ರೂ ಮಾಡುವುದು ಅದನ್ನೇ. ಕುಂಜತ್ತೂರಿನ ಹತ್ರ ಹೈವೇ ಬಿಟ್ಟು ಕಣ್ವತೀರ್ಥದ ಕಡಲತೀರಕ್ಕೆ. ನೀರು ಇಳಿದಾಗ ಹೊಯ್ಗೆ (ಮರಳು) ಗಟ್ಟಿ, ಗಾಡಿ ಓಡಿಸ್ಬಹುದು, ಆದ್ರೆ ನಾನು ಇಳಿಸ್ಲಿಲ್ಲ, ಬಲೆ ಬಿಡಿಸುವವರು ಕೂತಿದ್ರು, ಅವರ ಕೆಲಸದ ಜಾಗದಲ್ಲಿ ನನ್ನ ಚಕ್ರದ ಗುರುತು ಎಂತಕ್ಕೆ. ಅಲ್ಲಿಂದ ಒಳದಾರಿಯಲ್ಲೇ ಮಂಜೇಶ್ವರ. ಮಂಜೇಶ್ವರ ಹೊಳೆ 16 ಕಿಲೋಮೀಟರ್, ಕೇರಳದಲ್ಲೇ ಅತಿ ಗಿಡ್ಡ ಹೊಳೆ, ಹೈವೇಯ ಸ್ಪೀಡಲ್ಲಿ ಅದು ದಾಟಿದ್ದೇ ಗೊತ್ತಾಗುದಿಲ್ಲ. ಒಳಗಿನ ರಸ್ತೆಯಲ್ಲಿ ನಿಧಾನ ಹೋದ್ರೆ ಹೊಳೆ ಕಡಲಿನ ಹತ್ರ ಬಂದು ಅಗಲ ಆಗುದು, ಆಚೆ ಬದಿಯ ದೋಣಿಗಳು, ಎಲ್ಲ ಸರಿಯಾಗಿ ಕಾಣ್ತದೆ. ಗೋವಿಂದ ಪೈಗಳ ಮನೆಯಿದ್ದ ಗಿಳಿವಿಂಡು ಇಲ್ಲೇ. 1949ರಲ್ಲಿ ಮದ್ರಾಸ್ ಸರಕಾರ ಕನ್ನಡದ ಮೊದಲ ರಾಷ್ಟ್ರಕವಿ ಅಂತ ಗೌರವಿಸಿದ ಮನುಷ್ಯ ಬದುಕಿದ ಜಾಗ, ಹೈವೇಯಿಂದ ಕೂಗಿದ್ರೆ ಕೇಳುವಷ್ಟು ಹತ್ರ. ಅದನ್ನು ಬಿಟ್ಟು ಹೋಗುವವರಿಗೆ ಮಧ್ಯ ಏನೂ ಇಲ್ಲ.

ಮೂಸೋಡಿಯಲ್ಲಿ ಜಾಸ್ತಿ ಹೊತ್ತು ಕೂತೆ. ಅಲ್ಲಿ ಕಡಲು ಒಳಗೆ ಬರ್ತಾನೇ ಉಂಟು, ಎಷ್ಟೋ ಮಳೆಗಾಲದಿಂದ. ಬೇರು ಹೊರಗೆ ಬಂದು ಕಡಲಿನ ಕಡೆಗೆ ವಾಲಿದ ತೆಂಗಿನ ಮರಗಳು, ಅಡ್ಡ ಹಾಕಿದ ಕರಿಕಲ್ಲು, ಕಲ್ಲಿನ ಈಚೆ ಒಂದು ಮನೆಯ ಬರೀ ಪಂಚಾಂಗ, ಅಂದ್ರೆ ಅಡಿಪಾಯ. ಒಬ್ಬರು ಪ್ರಾಯದ ಹೆಂಗಸು ಒಣಗಲಿಕ್ಕೆ ಹಾಕಿದ ಮೀನನ್ನು ಮಗುಚ್ತಾ ಇದ್ರು. ಎಲ್ಲಿಂದ ಬಂದದ್ದು ಅಂತ ತುಳುವಲ್ಲಿ ಕೇಳಿದ್ರು, ಊರು ಹೇಳಿದೆ, ನನ್ನ ಅಜ್ಜನ ಹೆಸರು ಹೇಳಿದ ಮೇಲೆ ಗುರುತು ಸಿಕ್ಕಿತು. "ಆ ಪಂಚಾಂಗ ಉಂಟಲ್ಲ, ಅದ್ರ ಆಚೆ ನಮ್ಮ ಬಾವಿ ಇತ್ತು ಮಗಾ" ಅಂತ ಕೈ ತೋರಿಸಿದ್ರು. ಕೈ ತೋರಿಸಿದ ಜಾಗದಲ್ಲಿ ತೆರೆ ಒಡೀತಾ ಇತ್ತು. ನಂಗೆ ಮಾತು ಬರ್ಲಿಲ್ಲ. ಹೋಗುವಾಗ ಚಾ ಕುಡ್ದು ಹೋಗು ಅಂತ ಒತ್ತಾಯ ಮಾಡಿ ಕೂರಿಸಿದ್ರು, ಮನೆ ಕಳ್ಕೊಂಡವರು! ಆ ಹೊತ್ತಿಗೇ ಹೈವೇಯಲ್ಲಿ ನೂರಾರು ಗಾಡಿಗಳು ಸೀ ವ್ಯೂ ರೆಸಾರ್ಟ್ ಹುಡುಕ್ತಾ ದಕ್ಷಿಣಕ್ಕೆ ಓಡ್ತಾ ಇದ್ದಿರ್ಬೇಕು.

ಉಪ್ಪಳದಲ್ಲಿ ಮಾವನ ಅಂಗಡಿ. ನನ್ನ ಹಳೇ ಫ್ರೆಂಡ್ಸಿಗೆಲ್ಲ ಗೊತ್ತುಂಟು, ಕಾಲೇಜಿಗೆ ಹೋಗುವಾಗ ನಾವು ಲೈಮ್ ಸೋಡಾ ಕುಡೀತಿದ್ದದ್ದು ಅಲ್ಲೇ. ಮುಂದಿನ ಅರ್ಧ ಅಂಗಡಿ ರಸ್ತೆಗೆ ಹೋಯ್ತು, ಪರಿಹಾರ ಬಂತು, ಅದು ಬೇರೆ ವಿಷಯ. ಆದ್ರೆ ಮೊದಲು ಕಾರಿನವರು, ಲಾರಿಯವರು, ಯಾತ್ರೆಗೆ ಹೋಗುವ ಬಸ್ಸಿನವರು ಎಲ್ಲ ನಿಲ್ಲಿಸ್ತಿದ್ರು, ಬೊಂಡ (ಎಳನೀರು) ಕುಡೀತಿದ್ರು, ದಾರಿ ಕೇಳ್ತಿದ್ರು. ಈಗ ಅವರೆಲ್ಲ ತಲೆಯ ಮೇಲಿಂದ ಹೋಗ್ತಾರೆ. ಮಾವ ಬೊಂಡ ಕೆತ್ತುತ್ತಾ, "ಈಗ ನಮ್ಮೂರಿನವರು ಮಾತ್ರ ಬರುದು, ಅವರ ಮನೆಯಲ್ಲೇ ತೆಂಗಿನಮರ ಉಂಟು" ಅಂದ್ರು. ನಂಗೆ ಆ ಬೊಂಡ ಗಂಟಲಲ್ಲಿ ಇಳೀಲಿಲ್ಲ.

ಈಗ ಯಾರಾದ್ರೂ ಹೇಳ್ತೀರಿ, ಹೈವೇ ಬೇಡ ಅಂತಲಾ ನಿನ್ನ ವಾದ, ಅಭಿವೃದ್ಧಿ ವಿರೋಧಿ ನೀನು ಅಂತ. ಇಲ್ಲ. ಕೇಳಿ. ನನ್ನ ಅಪ್ಪನಿಗೆ ಡಯಾಲಿಸಿಸ್ ಇತ್ತು, ಮಂಗಳೂರಿಗೇ ಹೋಗ್ಬೇಕಿತ್ತು, ಕಾಸರಗೋಡಿನವರಿಗೆ ದೊಡ್ಡ ಕಾಯಿಲೆ ಬಂದ್ರೆ ಮಂಗಳೂರೇ ಗತಿ ಅಂತ ನಿಮಗೆ ಗೊತ್ತುಂಟು. ಹಳೇ ರಸ್ತೆಯಲ್ಲಿ ಒಂದೊಂದು ಹೊಂಡಕ್ಕೂ ಅಪ್ಪ ನನ್ನ ಕೈ ಗಟ್ಟಿ ಹಿಡೀತಿದ್ರು, ವಾಪಸ್ ಬರುವಾಗ ಕಣ್ಣು ಮುಚ್ಕೊಂಡೇ ಇರ್ತಿದ್ರು. ಇದನ್ನು ನಾನು ಇಲ್ಲಿ ಯಾವತ್ತೂ ಬರ್ದಿಲ್ಲ. 2020ರಲ್ಲಿ ಕೊರೋನಾ ಲಾಕ್‌ಡೌನಿಗೆ ಕರ್ನಾಟಕದವರು ಗಡಿಯಲ್ಲಿ ಮಣ್ಣು ಹಾಕಿ ರಸ್ತೆ ಮುಚ್ಚಿದಾಗ ಆಸ್ಪತ್ರೆಗೆ ಮುಟ್ಲಿಕ್ಕೆ ಆಗದೆ ನಮ್ಮ ಕಡೆಯವರು ಸತ್ರು. ಹಾಗಾಗಿ ಒಳ್ಳೇ ರಸ್ತೆಯ ಬೆಲೆ ನಂಗೆ ಯಾರೂ ಕಲಿಸ್ಬೇಕಾಗಿಲ್ಲ. ಆಂಬ್ಯುಲೆನ್ಸಿಗೆ ಆರು ಲೇನ್ ಬೇಕು, ಇನ್ನೂ ಬೇಗ ಆಗ್ಬೇಕಿತ್ತು. ಆದ್ರೆ ಆದಿತ್ಯವಾರ ಊರು ನೋಡ್ತೇನೆ ಅಂತ ಹೊರಟವನಿಗೆ ಯಾವ ಅರ್ಜೆಂಟು? ಅವನ ಹಿಂದೆ ಯಾರು ಕಾಯಿಲೆಯವರು ಮಲಗಿದ್ದಾರೆ?

ತಲಪಾಡಿಯಿಂದ ಕಾಸರಗೋಡು ದಾಟುವಷ್ಟರಲ್ಲಿ ಮಂಜೇಶ್ವರ, ಉಪ್ಪಳ, ಶಿರಿಯ, ಮೊಗ್ರಾಲ್, ಚಂದ್ರಗಿರಿ ಅಂತ ಹೊಳೆ ಮೇಲೆ ಹೊಳೆ ಸಿಗ್ತದೆ. ಪ್ರತಿ ಹೊಳೆಯ ಎರಡೂ ಬದಿ ಬೇರೆ ಬೇರೆ ಊರು, ಬೇರೆ ಬೇರೆ ಭಾಷೆ. ಕುಂಜತ್ತೂರಲ್ಲಿ ತುಳು, ಉಪ್ಪಳ ಪೇಟೆಯಲ್ಲಿ ಉರ್ದು ಮಾತಾಡುವ ಮನೆತನಗಳು, ಚಾ ಅಂಗಡಿಯಲ್ಲಿ ಬ್ಯಾರಿ, ಕುಂಬಳೆಯಲ್ಲಿ ಕನ್ನಡ, ಮೊಗ್ರಾಲಲ್ಲಿ ಮಾಪಿಳ್ಳೆ ಪಾಟ್ಟಿನ, ಅಂದ್ರೆ ಮಲಬಾರಿನ ಮುಸ್ಲಿಮರ ಹಾಡುಗಳ ಪರಂಪರೆ. ಯಕ್ಷಗಾನದ ಹುಚ್ಚು ಇರುವ ಬೈಕಿನವರು ನನ್ನ ಲಿಸ್ಟಲ್ಲೇ ಸುಮಾರು ಜನ ಇದ್ದೀರಿ, ತೆಂಕುತಿಟ್ಟು ಯಕ್ಷಗಾನದ ಕವಿ ಪಾರ್ತಿಸುಬ್ಬನ ಊರು ಕುಂಬಳೆ ಅಂತ ಗೊತ್ತಿದ್ದವರೇ, ಕುಂಬಳೆಯಲ್ಲಿ ಇಳಿದವರು ಎಷ್ಟು ಮಂದಿ? ಕಣಿಪುರ ಗೋಪಾಲಕೃಷ್ಣ ದೇವಸ್ಥಾನಕ್ಕೆ ಹೋಗಿ ಕೈ ಮುಗಿದು, ಹಳಿ ದಾಟಿ ಕೋಯಿಪಾಡಿ ಕಡಪ್ಪುರಕ್ಕೆ ಹೋದೆ. ಅಲ್ಲಿ ರಸ್ತೆ ಮೇಲೆ ಹೊಯ್ಗೆ ಬಂದಿರ್ತದೆ, ತಿರುವಲ್ಲಿ ಮುಂದಿನ ಬ್ರೇಕ್ ಹಿಡಿದ್ರೆ ಗಾಡಿ ಜಾರ್ತದೆ, ಹೋಗುವವರು ನೋಡ್ಕೊಳ್ಳಿ. ಊಟ ಅಲ್ಲೇ ಹತ್ರ ಒಂದು ಮನೆ ಹೋಟೆಲಲ್ಲಿ, ಕುಚ್ಚಲಕ್ಕಿ ಅನ್ನ, ಬೂತಾಯಿ ಫ್ರೈ, ಕುಡು ಸಾರು.

ಕಾಸರಗೋಡಿನ ನಂತರ ಹೈವೇ ಚೆರ್ಕಳ, ಪೆರಿಯ ಅಂತ ಒಳನಾಡಿಗೆ ತಿರುಗ್ತದೆ, ಕಡಲ ಬದಿಯ ರಸ್ತೆ ಚಂದ್ರಗಿರಿ ಸೇತುವೆ ದಾಟಿ ಹೋಗ್ತದೆ. ಆ ಗುಂಪಿನವರೂ ಈ ಸೇತುವೆ ದಾಟಿಯೇ ಬಂದಿರ್ಬೇಕು. ಸೇತುವೆ ದಾಟಿದ ಮೇಲೆ ಮೇಲೆ ಗುಡ್ಡೆಯಲ್ಲಿ ಕೋಟೆ ಉಂಟು, ಚಂದ್ರಗಿರಿ ಕೋಟೆ, ಬೇಕಲ ಕೋಟೆಯ ಹಾಗೆಯೇ 17ನೇ ಶತಮಾನದ್ದು, ಕಟ್ಟಿಸಿದ್ದು ಅದೇ ಕೆಳದಿಯ ಶಿವಪ್ಪ ನಾಯಕ. ಬೇಕಲಕ್ಕೆ ಟಿಕೆಟ್ ಕೊಟ್ಟು ಹೋಗುವವರು ಇದರ ಬುಡದಲ್ಲೇ ಹಾದು ಹೋಗ್ತಾರೆ. ನಾನು ಹತ್ತಿದಾಗ ಅಲ್ಲಿ ಇಬ್ಬರು ಹುಡುಗರು ಬಿಟ್ರೆ ಬೇರೆ ಯಾರೂ ಇರ್ಲಿಲ್ಲ. ಮೇಲೆ ನಿಂತ್ರೆ ಹೊಳೆ ಕಾಸರಗೋಡನ್ನು ಬಳಸಿ ತಳಂಗರೆಯ ಹತ್ರ ಕಡಲಿಗೆ ಸೇರುವುದು ಇಡೀ ಕಾಣ್ತದೆ. 1956ರ ನವೆಂಬರ್ 1ಕ್ಕೆ ನಾವು ಕೇರಳ ಆದದ್ದು, 1967ರಲ್ಲಿ ಗಡಿ ವಿವಾದದ ಮಹಾಜನ ಆಯೋಗದ ವರದಿ ಈ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರ್ಬೇಕು ಅಂತ ಹೇಳಿದ್ದು, ಆಗದೆ ಹೋದದ್ದು, ಇದೆಲ್ಲ ನಾವು ಮನೆಯಲ್ಲಿ ಕೇಳಿಯೇ ದೊಡ್ಡವರಾದದ್ದು. ಕರ್ನಾಟಕದವರು ಪ್ರತಿ ನವೆಂಬರಿನಲ್ಲಿ ಕಾಸರಗೋಡು ನಮ್ಮದು ಅಂತ ಸ್ಟೇಟಸ್ ಹಾಕ್ತೀರಿ, ಸಂತೋಷ. ಹಾಗೆ ಹಾಕಿದವರಲ್ಲಿ ಎಷ್ಟು ಜನ ಈ ಗುಡ್ಡೆ ಹತ್ತಿದ್ದೀರಿ, ಮಂಜೇಶ್ವರದಲ್ಲಿ ಒಂದು ಚಾ ಕುಡ್ದಿದ್ದೀರಿ? ನಿಮ್ಮ ಬೈಕು ನಿಲ್ಲದ ಊರು ನಿಮ್ಮದು ಹೇಗೆ ಆಗ್ತದೆ? ಕೋಪದಲ್ಲಿಯೇ ಕೇಳ್ತಿದ್ದೇನೆ, ಬೇಜಾರು ಮಾಡ್ಕೊಂಡ್ರೂ ಅಡ್ಡಿಲ್ಲ.

ಕಳನಾಡು, ಉದುಮ, ಕಾಪಿಲ್ ಬೀಚ್, ಮತ್ತೆ ಬೇಕಲ. ಬೇಕಲದ ಬಗ್ಗೆ ನಾನು ಬರೆಯುದಿಲ್ಲ, ಅದನ್ನು ಬರೆಯುವವರು ಬೇಕಾದಷ್ಟು ಜನ ಇದ್ದಾರೆ, ಚಂದದ ಕೋಟೆ, ಅದ್ರಲ್ಲಿ ಎರಡು ಮಾತಿಲ್ಲ.

ಒಬ್ಬನೇ ಹೋಗ್ಬೇಡ, ಒಳದಾರಿಯಲ್ಲಿ ಪಂಕ್ಚರ್ ಆದ್ರೆ ಎಂತ ಮಾಡ್ತಿ ಅಂತ ಅಕ್ಕ ಯಾವಾಗಲೂ ಬೈತಾಳೆ. ಪಂಕ್ಚರ್ ಆದ್ರೆ ಒಳದಾರಿಯಲ್ಲಿ ಯಾರಾದ್ರೂ ಬರ್ತಾರೆ ಅಕ್ಕಾ, ಗೋಡೆಯ ಮಧ್ಯೆ ಆ ಹೈವೇಯಲ್ಲಿ ಆದ್ರೆ ಯಾರು ಬರ್ತಾರೆ? ಮತ್ತೆ ಒಬ್ಬನೇ ಇದ್ರೆ ಜನ ಮಾತಾಡಿಸ್ತಾರೆ. ಹತ್ತು ಬೈಕು ಒಟ್ಟಿಗೆ ಬಂದು ನಿಂತ್ರೆ ಆ ಮೂಸೋಡಿಯ ಹೆಂಗಸು ನಂಗೆ ಬಾವಿ ಇದ್ದ ಜಾಗ ತೋರಿಸ್ತಿದ್ರಾ?

ಮಂಗಳೂರು, ಬೆಂಗಳೂರು ಕಡೆಯ ಬೈಕ್ ಫ್ರೆಂಡ್ಸ್ ಇದನ್ನು ಓದ್ತಾ ಇದ್ರೆ, ಮುಂದಿನ ಸಲ ಬರುವ ಮೊದಲು ನಂಗೊಂದು ಫೋನ್ ಮಾಡಿ. ಯಾವ ಅಂಡರ್‌ಪಾಸಲ್ಲಿ ಇಳಿಯಬೇಕು, ಯಾವ ಗೇಟು ರೈಲಿನ ಹೊತ್ತಿಗೆ ಮುಚ್ಚಿರ್ತದೆ, ಕುಂಬಳೆಯಲ್ಲಿ ಮೀನೂಟ ಎಷ್ಟು ಗಂಟೆಗೆ ಖಾಲಿ ಆಗ್ತದೆ, ಎಲ್ಲ ಹೇಳ್ತೇನೆ. ಬೆಳಿಗ್ಗೆ ಆರಕ್ಕೆ ತಲಪಾಡಿ ಬಿಡ್ಬೇಕು, ಬೇಕಲಕ್ಕೆ ಸಂಜೆ ಮುಟ್ಟಿದ್ರೆ ಸಾಕು. ಉಪ್ಪಳದಲ್ಲಿ ಸರ್ವಿಸ್ ರೋಡಿಗೆ ಇಳಿದು ಮಾವನ ಅಂಗಡಿ ಎಲ್ಲಿ ಅಂತ ಕೇಳಿ, ನನ್ನ ಹೆಸರು ಹೇಳಿದ್ರೆ ಬೊಂಡದ ದುಡ್ಡು ತಗೊಳ್ಳುದಿಲ್ಲ, ಆದ್ರೂ ನೀವು ಕೊಟ್ಟೇ ಬನ್ನಿ.