ಸೂರ್ಯೋದಯಕ್ಕೆ ಪಾರ್ಕಿಂಗ್ ಫುಲ್

ಈ ಭಾನುವಾರವೂ ಅದೇ ಕತೆ. ನಂದಿಬೆಟ್ಟದ ತಿರುವುಗಳಲ್ಲಿ ಕೆಂಪು ದೀಪಗಳ ತೇರು, ಮುಂದೇನಾಗಿದೆ ಎಂದು ಕಾರಿನ ನೆತ್ತಿ ಹತ್ತಿ ನೋಡುವ ಯುವಕ, ರಸ್ತೆ ಬದಿಯಲ್ಲೇ ಮಗುವಿಗೆ ಹಲ್ಲುಜ್ಜಿಸುವ ತಾಯಿ. ಸೂರ್ಯೋದಯ ನೋಡಲು ಹೊರಟವರ ಈ ಟ್ರಾಫಿಕ್ ಜಾಮಿನ ವಿಡಿಯೋ ಎಲ್ಲರ ಮೊಬೈಲಿಗೂ ಬಂದಿದೆ, ವಿವರ ಬೇಡ. ನಿಮ್ಮಲ್ಲಿ ಕೆಲವರು ಅದರೊಳಗೇ ಇದ್ದಿರಬಹುದು.

ಬೆಂಗಳೂರಿನಿಂದ ಸುಮಾರು 60 ಕಿ.ಮೀ. ದೂರ, 1,478 ಮೀಟರ್ ಎತ್ತರ. ಇಷ್ಟು ದೊಡ್ಡ ಊರಿಗೆ ಇಷ್ಟು ಹತ್ತಿರ ಬೆಟ್ಟ ಇಟ್ಟಿದ್ದು ದೇವರದ್ದೇ ತಪ್ಪು. ವಾರವಿಡೀ ಒಂಬತ್ತಕ್ಕೆ ಏಳುವ ಜನಕ್ಕೆ ಶನಿವಾರ ರಾತ್ರಿ ಹನ್ನೊಂದಕ್ಕೆ ಇದ್ದಕ್ಕಿದ್ದಂತೆ ಸೂರ್ಯಭಕ್ತಿ ಉಕ್ಕುತ್ತದೆ. ಬೆಳಗಿನ ಜಾವ ಮೂರಕ್ಕೆ ಹೊರಟು, ನಾಲ್ಕೂಕಾಲಿಗೆ ಬೆಟ್ಟದ ಬುಡ ಸೇರಿ, ಎಂಟೂವರೆಯವರೆಗೆ ಅಲ್ಲೇ ಇರುತ್ತಾರೆ.

ಇದರ ಲೆಕ್ಕ ಒಂದನೇ ಕ್ಲಾಸಿನದು. ಮೇಲೆ ಕಾರು ನಿಲ್ಲಿಸಲು ಇರುವ ಜಾಗ ಇಷ್ಟೇ. ಅದು ತುಂಬಿತೆಂದರೆ ಒಂದು ಇಳಿದರೆ ಮಾತ್ರ ಇನ್ನೊಂದು ಹತ್ತಬೇಕು. ಸೂರ್ಯೋದಯಕ್ಕೆ ಬಂದವನು ಸೂರ್ಯ ಹುಟ್ಟುವ ತನಕ ಇಳಿಯುವುದಿಲ್ಲ. ಹುಟ್ಟಿದ ಮೇಲೂ ಫೋಟೊ ಆಗಬೇಕು, ಮ್ಯಾಗಿ ಆಗಬೇಕು, ಕೋತಿ ಕಿತ್ತುಕೊಂಡ ಚಿಪ್ಸ್ ಪೊಟ್ಟಣದ ವಿಚಾರ ಇತ್ಯರ್ಥವಾಗಬೇಕು. ಹಾಗಾಗಿ ಐದರಿಂದ ಎಂಟರವರೆಗೆ ಸಾಲು ಅಲುಗುವ ಮಾತೇ ಇಲ್ಲ. ಮೇ ನಡುವಿನಲ್ಲಿ ಇಲ್ಲಿ ಸೂರ್ಯ ಹುಟ್ಟುವುದು 5.55ರ ಆಸುಪಾಸು. ಗೇಟು ತೆಗೆಯುವ ಹೊತ್ತು ಆಗಾಗ ಬದಲಾಗುತ್ತಿರುತ್ತದೆ. ಆರು ಗಂಟೆ ಎಂದಿದ್ದ ದಿನಗಳಲ್ಲಂತೂ ಮೊದಲ ಟಿಕೆಟ್ ಹರಿಯುವಷ್ಟರಲ್ಲಿ ಸೂರ್ಯ ಹಾಜರಿ ಹಾಕಿ ಐದು ನಿಮಿಷವಾಗಿರುತ್ತಿತ್ತು. ಸರಕಾರಿ ಕೆಲಸದಲ್ಲಿ ಹೊತ್ತಿಗೆ ಮುಂಚೆ ಬರುವವನು ಅವನೊಬ್ಬನೇ, ಅವನಿಗೂ ಬೆಲೆ ಇಲ್ಲ.

ಇನ್ನು ಆ ಮೋಡದ ಸಮುದ್ರ. ರೀಲ್ಸಿನಲ್ಲಿ ಕಾಲ ಬುಡದಲ್ಲೇ ಹತ್ತಿ ಹಾಸಿದಂತೆ ಕಾಣುತ್ತದಲ್ಲ, ಅದು. ರಾತ್ರಿ ಆಕಾಶ ತಿಳಿಯಾಗಿದ್ದು, ನೆಲ ತಣ್ಣಗಾಗಿ, ಗಾಳಿಯಲ್ಲಿ ತೇವ ತುಂಬಿದ್ದು, ಗಾಳಿ ಬೀಸದೆ ಇದ್ದರೆ ಮಾತ್ರ ಬಯಲಿನಲ್ಲಿ ಮಂಜು ಕೂತು ಬೆಟ್ಟ ಅದರ ಮೇಲೆ ತಲೆ ಎತ್ತುತ್ತದೆ. ಮಳೆಗಾಲ ಮುಗಿದು ಚಳಿ ಹಿಡಿಯುವ ತಿಂಗಳುಗಳ ಕೆಲಸ ಅದು. ಏಪ್ರಿಲ್, ಮೇಯಲ್ಲಿ ಹಿಂದಿನ ಸಂಜೆ ಚಿಕ್ಕಬಳ್ಳಾಪುರದ ಕಡೆ ಚೆನ್ನಾಗಿ ಮಳೆ ಬಿದ್ದಿದ್ದರೆ ಏನೋ ಒಂದಿಷ್ಟು ಕಂಡೀತು. ಇಲ್ಲವಾದರೆ ಕಾಣುವುದು ಧೂಳು, ಅದರಾಚೆ ಕ್ವಾರಿ, ಅದರಾಚೆ ಲೇಔಟು.

ಇಷ್ಟರಲ್ಲಿ ಯಾವುದೋ ತಿರುವಿನಲ್ಲಿ ಸುಟ್ಟ ವಾಸನೆ ಬರುತ್ತದೆ. ಮುಂದಿನವನ ಕಾರಿನದೆಂದು ಎಲ್ಲರೂ ಮೂಗು ಮುಚ್ಚುತ್ತಾರೆ. ಅದು ಅವರವರ ಕ್ಲಚ್. ಏರಿನಲ್ಲಿ ಹ್ಯಾಂಡ್‌ಬ್ರೇಕ್ ಹಾಕುವುದು ಅವಮಾನವೆಂದು ಭಾವಿಸಿ, ಅರ್ಧ ಕ್ಲಚ್ಚಿನಲ್ಲೇ ಗಾಡಿ ಹಿಡಿದು ನಿಲ್ಲಿಸಿಕೊಂಡರೆ ಪ್ಲೇಟು ಉಜ್ಜಿ ಉಜ್ಜಿ ಕಾದು ಹೋಗುತ್ತದೆ. ಇಳಿಯುವಾಗ ಅದಕ್ಕೆ ತದ್ವಿರುದ್ಧ. ಪೆಟ್ರೋಲ್ ಉಳಿಸುವ ಬುದ್ಧಿವಂತರು ಎಂಜಿನ್ ಆಫ್ ಮಾಡಿ ನ್ಯೂಟ್ರಲ್‌ನಲ್ಲಿ ಬಿಡುತ್ತಾರೆ. ಎಂಜಿನ್ ನಿಂತರೆ ಬ್ರೇಕಿಗೆ ಸಿಗುವ ಬೂಸ್ಟರ್ ಬಲವೂ ಎರಡು ಮೂರು ಸಲ ಒತ್ತುವಷ್ಟರಲ್ಲಿ ಮುಗಿಯುತ್ತದೆ, ಪೆಡಲ್ ಕಲ್ಲಾಗುತ್ತದೆ. ಹತ್ತಿದ ಗೇರಿನಲ್ಲೇ ಇಳಿಯಬೇಕು ಎಂದು ಲಾರಿ ಡ್ರೈವರುಗಳು ಹೇಳಿಕೊಂಡು ಬಂದಿದ್ದಾರೆ. ಆದರೆ ಅವರ ರೀಲ್ಸ್ ಯಾರು ನೋಡುತ್ತಾರೆ?

ಸರಕಾರ ಸುಮ್ಮನೆ ಕೂತಿಲ್ಲ. ರೋಪ್‌ವೇ ಬರುತ್ತದೆ. ಬಹಳ ವರ್ಷಗಳಿಂದ ಬರುತ್ತಲೇ ಇದೆ. ಅದು ಬರುವವರೆಗೆ ಒಂದು ಹಳೆಯ ಉಪಾಯ ಹೇಳಬಹುದು: ಮೂವತ್ತು ಸೀಟಿನ ಮಿನಿ ಬಸ್ಸು, ಐದು ನಿಮಿಷಕ್ಕೊಂದರಂತೆ ಬುಡದಿಂದ ತುದಿಗೆ. ಗಂಟೆಗೆ 360 ಜನ. ನಾಲ್ಕು ಜನರ ಕಾರಿನ ಲೆಕ್ಕದಲ್ಲಿ ತೊಂಬತ್ತು ಕಾರು ಮೇಲೆ ಹೋಗುವುದು ತಪ್ಪಿತು. ಅದೂ ಬೇಡವೆಂದರೆ ಸುಲ್ತಾನ್‌ಪೇಟೆ ಕಡೆಯಿಂದ ಸಾವಿರಕ್ಕೂ ಮಿಕ್ಕಿ ಕಲ್ಲಿನ ಮೆಟ್ಟಿಲಿವೆ. ಗಾಂಧೀಜಿ 1927ರಲ್ಲಿ ಆರೋಗ್ಯ ಸುಧಾರಿಸಿಕೊಳ್ಳಲು ಬಂದು ವಾರಗಟ್ಟಲೆ ಇದೇ ಬೆಟ್ಟದಲ್ಲಿ ತಂಗಿದ್ದರು. ಈಗ ಬಂದಿದ್ದರೆ ಮೊದಲ ತಿರುವಿನಲ್ಲೇ ರಕ್ತದೊತ್ತಡ ಏರಿ ವಾಪಸಾಗುತ್ತಿದ್ದರು. 2025ರ ಜುಲೈ 2ರಂದು ಇಡೀ ಸಚಿವ ಸಂಪುಟವೇ ಮೇಲೆ ಹೋಗಿ ಸಭೆ ನಡೆಸಿತು, ಪ್ರವಾಸಿಗರಿಗೆ ಬೆಟ್ಟ ಬಂದ್ ಮಾಡಿ. ಬೆಟ್ಟವನ್ನು ನೆಮ್ಮದಿಯಾಗಿ ನೋಡುವ ವಿಧಾನ ಸರಕಾರಕ್ಕೆ ಗೊತ್ತಿಲ್ಲ ಎನ್ನುವ ಹಾಗಿಲ್ಲ.

ಊರೊಳಗೇ ಇರುವವರಿಗೆ ‘ಹಿಡನ್ ಜೆಮ್’ ಇವೆ. ಬೆಂಗಳೂರಿನಲ್ಲಿ ಯಾರಿಗೂ ಗೊತ್ತಿಲ್ಲದ ಜಾಗ ಎಂದು ಒಬ್ಬಾಕೆ ಲಾಲ್‌ಬಾಗಿನ ಬಂಡೆಯನ್ನು ಪತ್ತೆ ಹಚ್ಚಿದ್ದಾಳೆ. ಸುಮಾರು 300 ಕೋಟಿ ವರ್ಷದಿಂದ ಆ ಬಂಡೆ ಯಾರ ಕಣ್ಣಿಗೂ ಬೀಳದೆ ಅಡಗಿ ಕೂತಿತ್ತು. ಕೆಂಪೇಗೌಡರ ಗೋಪುರ ಅದರ ತಲೆಯ ಮೇಲೆ ತಾನಾಗಿಯೇ ಬೆಳೆದುಕೊಂಡಿತ್ತು. ಹೋಗಲಿ, ಮಧ್ಯಾಹ್ನ ಎರಡಕ್ಕೆ ಅಲ್ಲಿ ಕೂರಲು ಮಾತ್ರ ಹೋಗಬೇಡಿ. ಕಲ್ಲು ಕಾದ ಕಾವಲಿ.

ಬೇಸಿಗೆಯ ಪರಮ ಹಾಸ್ಯ ಅಂದರೆ ಜೋಗ. ಮೇ ರಜೆ ಸಿಕ್ಕ ಕೂಡಲೇ ಮಕ್ಕಳಿಗೆ ಜಲಪಾತ ತೋರಿಸಲು ಹೊರಟ ಕುಟುಂಬಗಳು ಏಳೆಂಟು ಗಂಟೆ ಕಾರಿನಲ್ಲಿ ಕೂತು, ಸಾಗರದಲ್ಲಿ ಊಟ ಮಾಡಿ, ವ್ಯೂ ಪಾಯಿಂಟಿನ ಕಂಬಿ ಹಿಡಿದು ನಿಂತು, 253 ಮೀಟರ್ ಎತ್ತರದ ಒಣ ಕಪ್ಪು ಬಂಡೆಯನ್ನು ಬಹಳ ಹೊತ್ತು ನೋಡುತ್ತವೆ. ಅಜ್ಜಿ ಮೊದಲು ಬಾಯಿ ಬಿಡುತ್ತಾಳೆ: "ನೀರೆಲ್ಲಿ ಮಗಾ?" ಮಗ ಬೆರಳು ತೋರಿಸುತ್ತಾನೆ. ಅಲ್ಲೊಂದು ಬಿಳಿ ದಾರ. ರಾಜನೋ ರಾಣಿಯೋ ಹೇಳಲಾಗದು. ರೋರರ್ ಗಂಟಲು ಕಟ್ಟಿದೆ, ರಾಕೆಟ್ ಉಡಾವಣೆ ಮುಂದೂಡಿದೆ.

ನೀರು ಎಲ್ಲಿ ಎಂಬ ಅಜ್ಜಿಯ ಪ್ರಶ್ನೆ ಸರಿಯಾಗಿಯೇ ಇದೆ. ಜೋಗಕ್ಕಿಂತ ಆರು ಕಿ.ಮೀ. ಮೇಲೆ ಲಿಂಗನಮಕ್ಕಿ ಅಣೆಕಟ್ಟೆ ಇದೆ, 1964ರದು, ಪೂರ್ಣ ಮಟ್ಟ 1,819 ಅಡಿ, ಹಿಡಿಯುವುದು 151 ಟಿಎಂಸಿ. ನೀರು ಅಲ್ಲಿಂದ ತಳಕಳಲೆ ಜಲಾಶಯಕ್ಕೆ ಹೋಗಿ, ದಪ್ಪ ಕೊಳವೆಗಳಲ್ಲಿ ಕಣಿವೆಗಿಳಿದು, ಶರಾವತಿ ವಿದ್ಯುದಾಗಾರದ 1,035 ಮೆಗಾವಾಟ್ ಯಂತ್ರಗಳನ್ನು ತಿರುಗಿಸುತ್ತದೆ. ಬೇಸಿಗೆಯಲ್ಲಿ ಕರೆಂಟು ಹೆಚ್ಚು ಬೇಕು, ಏಕೆಂದರೆ ಬೆಂಗಳೂರಿಗೆ ಸೆಕೆ. ಅಂದರೆ ರಾಜ, ರಾಣಿ ಇಬ್ಬರೂ ನೀವು ಮನೆಯಲ್ಲಿ ಆಫ್ ಮಾಡಲು ಮರೆತು ಬಂದ ಎಸಿಯನ್ನು ಓಡಿಸುತ್ತಾ ಕೂತಿದ್ದಾರೆ. ಅವರನ್ನು ನೋಡಲು ನಾಲ್ಕುನೂರು ಕಿಲೋಮೀಟರ್ ಬರುವ ಅಗತ್ಯವಿರಲಿಲ್ಲ, ಮೀಟರ್ ಬೋರ್ಡ್ ನೋಡಿದ್ದರೆ ಸಾಕಿತ್ತು. ಜುಲೈ ಕೊನೆ, ಆಗಸ್ಟಿನಲ್ಲಿ ಹೋದರೆ ಜೋಗ ಕಾಣುತ್ತದೆ, ಮಂಜು ಸರಿದರೆ. ಆದರೆ ಆಗ ಶಾಲೆಗೆ ರಜೆ ಇಲ್ಲ. ಶಿಕ್ಷಣ ಇಲಾಖೆಗೂ ಮುಂಗಾರಿಗೂ ಸಮನ್ವಯದ ಕೊರತೆ.

ತಂಪು ಬೇಕೆಂದರೆ ಊಟಿ ಇದ್ದೇ ಇದೆ. ಮದ್ರಾಸ್ ಹೈಕೋರ್ಟ್ ಆದೇಶದಂತೆ 2024ರ ಮೇ 7ರಿಂದ ಅಲ್ಲಿಗೆ ಹೋಗುವ ವಾಹನಗಳಿಗೆ ಇ-ಪಾಸ್ ಬಂತು. 2025ರ ಬೇಸಿಗೆಗೆ ವಾರದ ದಿನ 6,000, ವಾರಾಂತ್ಯಕ್ಕೆ 8,000 ವಾಹನ ಎಂಬ ಮಿತಿಯೂ ಬಂತು. ಪಾಸ್ ಸಿಗದೆ ಗೋಳಾಡುವವರಿಗೆ ಕಾಣಿಸದ ಒಂದು ಸಾಲು ಅದರಲ್ಲೇ ಇದೆ: ಸರಕಾರಿ ಬಸ್ಸಿನಲ್ಲಿ ಹೋಗುವವರಿಗೆ ಪಾಸ್ ಬೇಕಿಲ್ಲ. ಮೈಸೂರಿನಲ್ಲಿ ಬಸ್ ಹತ್ತಿದರೆ ಗುಂಡ್ಲುಪೇಟೆ, ಬಂಡೀಪುರ, ಗೂಡಲೂರಿನ ಮೇಲೆ ಹಾದು ಊಟಿಯಲ್ಲಿ ಇಳಿಸುತ್ತಾರೆ. ಇದನ್ನು ಹೇಳಿದರೆ ಜನ ನಿಮ್ಮನ್ನೇ ಕನಿಕರದಿಂದ ನೋಡುತ್ತಾರೆ. ಕಾರು ಕೊಂಡಿದ್ದು ಯಾತಕ್ಕೆ ಮತ್ತೆ?

ಕಾರಿನಲ್ಲೇ ಹೋಗುವವರು ನೆನಪಿಡಬೇಕಾದ್ದು: ತಮಿಳುನಾಡು ಗಡಿಯ ಕಕ್ಕನಹಳ್ಳ ಚೆಕ್‌ಪೋಸ್ಟಿನಲ್ಲಿ ಪ್ಲಾಸ್ಟಿಕ್ ನೀರಿನ ಬಾಟಲಿ ಇಳಿಸಿಕೊಳ್ಳುತ್ತಾರೆ, ಸ್ಟೀಲ್ ಕ್ಯಾನಿನಲ್ಲಿ ತುಂಬಿಕೊಳ್ಳಿ. ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್, 2009ರಿಂದಲೂ. ಒಂಬತ್ತು ದಾಟಿ ಐದು ನಿಮಿಷಕ್ಕೆ ಬಂದು ಗಾರ್ಡಿನ ಹತ್ತಿರ ಶಾಸಕರ ಹೆಸರು ಹೇಳುವವರು ದಿನವೂ ಇರುತ್ತಾರೆ. ಆನೆಗೆ ಮಾತ್ರ ಯಾವ ಶಾಸಕರ ಪರಿಚಯವೂ ಇಲ್ಲ. ಸೆಲ್ಫಿಗೆ ಇಳಿದವನನ್ನು 2025ರ ಆಗಸ್ಟಿನಲ್ಲಿ ಅದು ಕೆಡವಿ ಬಿಟ್ಟಿತು. ಜೀವ ಉಳಿಯಿತು, ಅರಣ್ಯ ಇಲಾಖೆ 25,000 ರೂಪಾಯಿ ದಂಡ ಹಾಕಿತು.

ಇದೆಲ್ಲ ಬಡವರ ಪಾಡು. ಇಎಂಐ ಸಿಗುವವರು ‘ಟ್ರಾಪಿಕಲ್ ಗೆಟ್‌ಅವೇ’ಗೆ ಹೋಗುತ್ತಾರೆ. ಉಷ್ಣವಲಯ! ಶಾಲೆಯಲ್ಲಿ ಓದಿದ್ದನ್ನು ಸ್ವಲ್ಪ ನೆನೆಯಿರಿ: ಕರ್ಕಾಟಕ ಸಂಕ್ರಾಂತಿ ವೃತ್ತ 23.5 ಡಿಗ್ರಿಯಲ್ಲಿದೆ, ಮಧ್ಯಪ್ರದೇಶದ ಮೇಲೆ ಹಾದು ಹೋಗುತ್ತದೆ. ಬೀದರಿನಿಂದ ಚಾಮರಾಜನಗರದವರೆಗೆ ಇಡೀ ಕರ್ನಾಟಕ ಅದರ ಕೆಳಗಿದೆ. ನಾವು ಹುಟ್ಟಿದ್ದೇ ಟ್ರಾಪಿಕ್ಸ್‌ನಲ್ಲಿ, ತಪ್ಪಿಸಿಕೊಂಡು ಓಡುತ್ತಿರುವುದೂ ಅಲ್ಲಿಗೇ. ಅಂಡಮಾನಿನ ಪೋರ್ಟ್ ಬ್ಲೇರ್, ಈಗಿನ ಶ್ರೀ ವಿಜಯಪುರಂ, ಹೆಚ್ಚುಕಡಿಮೆ ಬಂಡೀಪುರದ ಅಕ್ಷಾಂಶದಲ್ಲೇ ಇದೆ. ಅಲ್ಲಿ ಸ್ಟ್ರಾ, ಬಣ್ಣದ ಕಾಗದದ ಕೊಡೆ ಸಮೇತ ಕೊಡುವ ಎಳನೀರು ಮದ್ದೂರಿನಲ್ಲಿ ಲಾರಿಗಟ್ಟಲೆ ಬಿದ್ದಿರುತ್ತದೆ, ಕೊಡೆ ಇಲ್ಲದೆ.

ಪ್ಯಾಕೇಜು ಮೇ ಕೊನೆಗೆ ಯಾಕೆ ಅಷ್ಟು ಅಗ್ಗ ಎಂದು ಯಾರೂ ಕೇಳುವುದಿಲ್ಲ. ಮುಂಗಾರು ಕೇರಳಕ್ಕೆ ಬರುವ ಮೊದಲು ಮುಟ್ಟುವುದೇ ಅಂಡಮಾನನ್ನು. 2025ರಲ್ಲಿ ಮೇ 13ಕ್ಕೇ ಅಲ್ಲಿತ್ತು. ಸಮುದ್ರ ಎದ್ದರೆ ಸ್ವರಾಜ್ ದ್ವೀಪಕ್ಕೆ, ಅದೇ ಹಳೆಯ ಹ್ಯಾವ್‌ಲಾಕಿಗೆ, ಹಡಗು ರದ್ದು. ನೀರು ಕದಡಿ ಸ್ಕೂಬಾದಲ್ಲಿ ಕಾಣುವುದು ನಿಮ್ಮದೇ ಕೈ. ‘ನಾಲ್ಕು ರಾತ್ರಿ, ಐದು ಹಗಲು’ ಎಂಬುದರಲ್ಲಿ ಮೊದಲ ಹಗಲು ವಿಮಾನದ್ದು, ಕೊನೆಯದೂ ವಿಮಾನದ್ದು, ನಡುವಿನ ಮೂರು ಮಳೆಯದು. ಮಳೆಯನ್ನು ಏಜೆಂಟರು ‘ಗ್ರೀನ್ ಸೀಸನ್’ ಎನ್ನುತ್ತಾರೆ. ಬೆಂಗಳೂರಿನಲ್ಲಿ ಅದಕ್ಕೆ ಅಂಡರ್‌ಪಾಸ್ ತುಂಬಿದೆ ಎನ್ನುತ್ತೇವೆ.

ಫುಕೆಟ್ಟಿನದೂ ಅದೇ ಹಣೆಬರಹ. ಮೇಯಿಂದ ಅಕ್ಟೋಬರ್‌ವರೆಗೆ ಪಶ್ಚಿಮ ದಂಡೆಯಲ್ಲಿ, ಪಟಾಂಗ್, ಕರೋನ್ ಕಡೆ, ಅಲೆ ಜೋರು. ಥಾಯ್ಲೆಂಡಿಗೆ ಹೋಗುವ ಮುನ್ನ ತುಂಬಬೇಕಾದ ಡಿಜಿಟಲ್ ಅರೈವಲ್ ಕಾರ್ಡ್ 2025ರ ಮೇ 1ರಿಂದ ಬಂದಿದೆ, ಅದು ಉಚಿತ. ದುಡ್ಡು ಕೇಳುವ ವೆಬ್‌ಸೈಟ್ ಯಾವುದೂ ಅಲ್ಲಿನ ಸರಕಾರದ್ದಲ್ಲ. ಆದರೂ ಅಲ್ಲಿ ಒಂದು ಕೆಲಸ ಮಾಡಿದ್ದಾರೆ. ಅಪಾಯವಿರುವ ದಿನ ದಂಡೆಯಲ್ಲಿ ಕೆಂಪು ಬಾವುಟ ನೆಡುತ್ತಾರೆ, ಅದರ ಹತ್ತಿರ ಸೀಟಿ ಹಿಡಿದು ಲೈಫ್‌ಗಾರ್ಡ್ ನಿಲ್ಲುತ್ತಾನೆ. ನೀರಿಗೆ ಕಾಲಿಟ್ಟರೆ ಊದುತ್ತಾನೆ.

ನಮ್ಮಲ್ಲಿ ಬೋರ್ಡ್ ಇದೆ. ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿ ಕಾವೇರಿಯನ್ನು ಸೇರುವ ಸಂಗಮದಲ್ಲಿ, ಮುತ್ತತ್ತಿಯಲ್ಲಿ: "ಸುಳಿ ಇದೆ, ನೀರಿಗೆ ಇಳಿಯಬೇಡಿ". ಪ್ರತಿ ಬೇಸಿಗೆ ಆ ಬೋರ್ಡಿನ ಮುಂದೆಯೇ ಹುಡುಗರು ಸಾಯುತ್ತಾರೆ. ಪತ್ರಿಕೆ ‘ಮೋಜು ಮಸ್ತಿ’ ಎಂದು ಬರೆಯುತ್ತದೆ, ಸತ್ತವರದ್ದೇ ತಪ್ಪು ಎನ್ನುವಂತೆ. ಇದರಲ್ಲಿ ನಗುವಂಥದ್ದು ಏನೂ ಇಲ್ಲ, ಬರೆದು ಬರೆದು ಸಾಕಾಗಿದೆ. ಬೇಸಿಗೆಯಲ್ಲಿ ಹೊಳೆ ಇಳಿದು ಮೊಣಕಾಲಿನಷ್ಟು ಕಾಣುತ್ತದೆ. ಬಂಡೆಯೊಳಗೆ ನೀರೇ ಕೊರೆದ ಗುಂಡಿಗಳಿರುತ್ತವೆ, ಮರಳು ತೆಗೆದ ಹೊಂಡಗಳಿರುತ್ತವೆ. ಒಂದು ಹೆಜ್ಜೆ ಮೊಣಕಾಲು, ಮುಂದಿನ ಹೆಜ್ಜೆ ಎರಡಾಳು. ಪಾಚಿಗೆ ಒಬ್ಬ ಜಾರುತ್ತಾನೆ. ಈಜು ಬಾರದ ಮೂವರು ಅವನನ್ನು ಹಿಡಿಯಲು ಇಳಿಯುತ್ತಾರೆ. ಮುಳುಗುವವನು ಸಿಕ್ಕಿದ್ದನ್ನು ಅಪ್ಪುತ್ತಾನೆ. ನಾಲ್ಕು ಹೆಣ ಆಗುವುದು ಹೀಗೆ.

ನೀರಿಗೆ ಹಾರಬಾರದು, ಎಸೆಯಬೇಕು: ಪಂಚೆ, ದುಪ್ಪಟ್ಟ, ಮುಚ್ಚಳ ಬಿಗಿದ ಐದು ಲೀಟರಿನ ಖಾಲಿ ಕ್ಯಾನು. ಬೋರ್ಡ್ ಹಾಕುವಾಗ ಅದೇ ಕಂಬಕ್ಕೆ ಒಂದು ಮೊಳೆ ಹೊಡೆದು, ಇಪ್ಪತ್ತು ಮೀಟರ್ ನೈಲಾನ್ ಹಗ್ಗ, ಗಾಳಿ ತುಂಬಿದ ಒಂದು ಲಾರಿ ಟ್ಯೂಬು ನೇತುಹಾಕಬಹುದಿತ್ತು. ಅದು ಅರಣ್ಯ ಇಲಾಖೆಯ ಕೆಲಸವೋ, ಪ್ರವಾಸೋದ್ಯಮದ್ದೋ, ನೀರಾವರಿ ನಿಗಮದ್ದೋ, ಪಂಚಾಯಿತಿಯದ್ದೋ ಇನ್ನೂ ತೀರ್ಮಾನವಾಗಿಲ್ಲ. ಬೋರ್ಡಿಗೆ ಮಾತ್ರ ಈ ವರ್ಷ ಹೊಸ ಬಣ್ಣ ಬಳಿದಿದ್ದಾರೆ.